ಮುಟ್ಟುವ ಮುನ್ನ ಕೂಗಿದವರು

ಲಿಫ್ಟ್ ದುರಸ್ತಿ ಎಂಬ ನಮ್ಮ ವೃತ್ತಿಯಲ್ಲಿ ಕೀರ್ತಿ ಎಂಬುದು ತಲೆಕೆಳಗಾದ ವಸ್ತು. ಕೆಲಸ ಸರಿಯಾಗಿ ನಡೆದರೆ ನಮ್ಮ ಹೆಸರನ್ನು ಯಾರೂ ಎತ್ತುವುದಿಲ್ಲ; ಕೆಟ್ಟು ನಿಂತರೆ ನಮ್ಮ ಹೆತ್ತವರ ಹೆಸರನ್ನೂ ಬಿಡುವುದಿಲ್ಲ. ಇಂಥ ವೃತ್ತಿಯಲ್ಲಿ ಎರಡು ದಶಕ ದುಡಿದು, ಅದರ ಉತ್ತರಾರ್ಧವನ್ನು ಸಂಸ್ಥೆಯ ತರಬೇತಿ ವಿಭಾಗದ ಮುಖ್ಯಸ್ಥೆಯಾಗಿ ಕಳೆದು, ಈ ಊರಿನ ಎತ್ತರದ ಕಟ್ಟಡಗಳಲ್ಲಿ ಜನರನ್ನು ಸುರಕ್ಷಿತವಾಗಿ ಮೇಲೇರಿಸಿ ಇಳಿಸುತ್ತಿರುವ ಎಷ್ಟೋ ಕೈಗಳನ್ನು ತಿದ್ದಿದ ನಮ್ಮ ಗುರುಗಳು ಈಗ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಅಭಿನಂದನಾ ಸಂಪುಟಕ್ಕೆ ನಾಲ್ಕು ಮಾತು ಬರೆಯುವ ಹೊಣೆ ಶಿಷ್ಯವರ್ಗದ ಪಾಲಿಗೆ ಬಂದಿದೆ.

ಇಂಥ ಲೇಖನಗಳಲ್ಲಿ ಸನ್ಮಾನಿತರ ಪೂರ್ಣ ಹೆಸರನ್ನೂ ಬಿರುದುಗಳನ್ನೂ ಬರೆಯುವುದು ವಾಡಿಕೆ. ಅದಕ್ಕೆ ಅಡ್ಡ ಬಂದವರು ಅವರೇ. "ಟೈಪಮ್ಮ ಅಂತಲೇ ಬರೀರಿ. ಅಣಕಿಸೋಕೆ ಅಂತ ಇಟ್ಟ ಹೆಸರು ಅದು. ಇಟ್ಟವರೆಲ್ಲ ಇನ್ನೂ ಗಟ್ಟಿಯಾಗಿದ್ದಾರೆ, ಓದ್ಲಿ," ಎಂದರು. ಗುರುವಾಕ್ಯವನ್ನು ಮೀರುವ ಎದೆ ನಮಗಿಲ್ಲ. ಆದ್ದರಿಂದ ಈ ಲೇಖನದಲ್ಲಿ ಅವರು ಟೈಪಮ್ಮನವರು.

ಟೈಪಮ್ಮನವರ ಮೊದಲ ವೃತ್ತಿ ಬೆರಳಚ್ಚು ಕಲಿಸುವುದು. ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ರೈಲಿನ ಡಬ್ಬಿಯಂಥ ಉದ್ದನೆಯ ಕೋಣೆ; ಅದರಲ್ಲಿ ಎರಡು ಸಾಲು ಟೈಪ್‌ರೈಟರುಗಳು; ಪ್ರತಿಯೊಂದರ ಕೀಲಿಗಳ ಮೇಲೂ ರಟ್ಟಿನ ಮುಚ್ಚಳ. ಕಲಿಯಲು ಬಂದವರು ಆ ಮುಚ್ಚಳದಡಿ ಕೈ ತೂರಿಸಿ, ಕಣ್ಣನ್ನು ಎದುರಿನ ಹಾಳೆಯ ಮೇಲಿಟ್ಟು ಹೊಡೆಯಬೇಕು. ಯಾರಾದರೂ ಬಗ್ಗಿ ಕೀಲಿ ನೋಡಲು ಹೋದರೆ ಅವರ ಅಳತೆಪಟ್ಟಿ ಮೇಜಿನ ಅಂಚಿಗೆ ಟಣ್ ಎಂದು ಬಡಿಯುತ್ತಿತ್ತು. ಬೆರಳಿಗೆ ತನ್ನ ಮನೆ ಯಾವುದೆಂದು ಗೊತ್ತಿರುತ್ತದೆ, ಕಣ್ಣು ಅದಕ್ಕೆ ದಾರಿ ತೋರಿಸುವ ಅಧಿಕಪ್ರಸಂಗ ಮಾಡಬಾರದು ಎಂಬುದು ಅಲ್ಲಿಯ ಮೊದಲ ಪಾಠ. ಎಷ್ಟೋ ವರ್ಷ ಅವರು ಅದನ್ನೇ ಹೇಳಿದರು, ಅದನ್ನೇ ಬದುಕಿದರು. ಈ ಪಾಠವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಇದೇ ಒಬ್ಬರ ಪ್ರಾಣಕ್ಕೆ ಎರವಾಗುವುದರಲ್ಲಿತ್ತು.

ಕಂಪ್ಯೂಟರುಗಳು ಬಂದವು. ಕಲಿಯುವವರು ಒಬ್ಬೊಬ್ಬರಾಗಿ ಕರಗಿದರು. ಕೊನೆಗೊಂದು ದಿನ ಯಂತ್ರಗಳೆಲ್ಲ ಹಳೆ ಕಬ್ಬಿಣದವನ ಗಾಡಿ ಹತ್ತಿದವು. ಟೈಪಮ್ಮನವರಿಗೆ ಆಗ ನಲವತ್ತು ದಾಟಿತ್ತು. ಬಂಧುಬಳಗಕ್ಕೆ ಸಲಹೆಗಳ ಬರವಿರಲಿಲ್ಲ. ಹೊಲಿಗೆ ಯಂತ್ರ ಇಟ್ಟುಕೋ ಎಂದವರೆಷ್ಟೋ, ಮಕ್ಕಳಿಗೆ ಪಾಠ ಹೇಳು ಎಂದವರೆಷ್ಟೋ. ಗಂಡ ಪುಸ್ತಕ ಕಟ್ಟುವ ಕೆಲಸದಲ್ಲಿ ಎರಡು ಹೊತ್ತಿನ ಊಟಕ್ಕೆ ತರುತ್ತಾನಲ್ಲ, ಇನ್ನೇನು ಬೇಕು ಎಂದವರೂ ಉಂಟು.

ಲಿಫ್ಟು ಅವರ ಬದುಕಿಗೆ ಬಂದದ್ದು ಕೆಟ್ಟು ನಿಂತೇ. ಕೆಲಸ ಕೇಳಿಕೊಂಡು ಯಾವುದೋ ಕಚೇರಿಗೆ ಹೋಗುತ್ತಿದ್ದಾಗ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡರು. ಜೊತೆಯಲ್ಲಿದ್ದವರು ಬಾಗಿಲು ಬಡಿಯುತ್ತಿದ್ದರೆ ಇವರು ಕಿವಿಗೊಟ್ಟು ನಿಂತಿದ್ದರು. ಮೇಲೆಲ್ಲೋ ಟಕ್, ಟಕ್ ಎಂದು ಎರಡು ಪೆಟ್ಟು, ಮತ್ತೆ ಮೌನ, ಮತ್ತೆ ಎರಡು ಪೆಟ್ಟು. ಹೊರಗೆಳೆದ ಮೇಲೆ ಎಲ್ಲರೂ ಬಯ್ಯುತ್ತಾ ಮೆಟ್ಟಿಲಿಳಿದು ಹೋದರು. ಇವರು ಮಾತ್ರ ದುರಸ್ತಿಗೆ ಬಂದಿದ್ದ ಮೇಸ್ತ್ರಿಯನ್ನು ಹಿಡಿದು ನಿಲ್ಲಿಸಿ, ಮೇಲೆ ಮೂರನೆಯ ಅಕ್ಷರ ಬೀಳುತ್ತಿಲ್ಲ, ಅದೇ ದೋಷ ಎಂದು ವಿವರಿಸಿದರು. ಆ ಮೇಸ್ತ್ರಿಯೇ ನಮ್ಮೆಲ್ಲರ ಹಿರಿಯರಾದ ದೊಡ್ಡ ಮೇಸ್ತ್ರಿಗಳು; ಆಗ ಗಟ್ಟಿ ಆಳು, ಬಾಯಿ ಅದಕ್ಕಿಂತ ಗಟ್ಟಿ.

"ಮೂರನೇದು ಬೀಳೋ ಹಾಗೇ ಇಲ್ಲಮ್ಮ ಅಲ್ಲಿ. ಇರೋದೇ ಎರಡು," ಎಂದರು ಮೇಸ್ತ್ರಿ.

"ಹಾಗಾದ್ರೆ ತೋರಿಸಿ," ಎಂದರು ಇವರು.

ತೋರಿಸುವವರೆಗೆ ಕದಲಲಿಲ್ಲ. ಬೇರೆ ದಾರಿ ಕಾಣದೆ ಮೇಸ್ತ್ರಿ ಅವರನ್ನು ಮೇಲಿನ ಯಂತ್ರಕೋಣೆಗೆ ಕರೆದೊಯ್ದರು. ಗೋಡೆಗೆ ನಿಂತ ಕಬ್ಬಿಣದ ಫಲಕ, ಅದರ ತುಂಬ ಸಾಲುಸಾಲಾಗಿ ಬಡಿದೇಳುವ ಬಿಲ್ಲೆಗಳು. ಕೆಳಗೆ ಯಾರೋ ಗುಂಡಿ ಒತ್ತುತ್ತಿದ್ದಂತೆ ಇಲ್ಲಿ ಒಂದು ಬಿಲ್ಲೆ ಬೀಳುತ್ತದೆ, ಇನ್ನೊಂದು ಏಳುತ್ತದೆ, ದೊಡ್ಡ ಗಾಲಿ ತಿರುಗುತ್ತದೆ. ಗಾಡಿ ಹತ್ತಿ ಹೋದ ತಮ್ಮ ಯಂತ್ರಗಳೆಲ್ಲ ಇಲ್ಲಿ ಬಂದು ಸೇರಿಕೊಂಡಿವೆ ಎಂದೇ ಟೈಪಮ್ಮನವರಿಗೆ ಅನಿಸಿತಂತೆ. ತಾವು ಹೇಳಿದ ದೋಷ ತಪ್ಪು ಎಂದು ಗೊತ್ತಾದದ್ದರಿಂದಲೇ ಅವರಿಗೆ ಈ ಹುಚ್ಚು ಹಿಡಿದದ್ದು. ಸರಿಯಾಗಿದ್ದಿದ್ದರೆ ಮನೆಗೆ ಹೋಗಿಬಿಡುತ್ತಿದ್ದೆ ಎಂದು ಈಗಲೂ ಹೇಳುತ್ತಾರೆ.

ಸಂಸ್ಥೆಯ ಸಂಜೆ ತರಗತಿಗೆ ಅರ್ಜಿ ಹಾಕಿದರು. ಸಂದರ್ಶನದಲ್ಲಿ ವಯಸ್ಸು ಕೇಳಿದಾಗ, "ಹೇಳಿದ್ರೆ ಲಿಫ್ಟು ಹೆದರುತ್ತಾ?" ಎಂದರಂತೆ. ಮನೆಯಲ್ಲಿ ಬಂಧುಗಳ ಸಭೆ ಸೇರಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಒಬ್ಬರಾದ ಮೇಲೊಬ್ಬರು ಹೊಸದಾಗಿ ತಾವೇ ಕಂಡುಹಿಡಿದಂತೆ ಒಪ್ಪಿಸಿದರು. ಅವರ ಬಾಯಿ ಮುಚ್ಚಿಸಿದವರು ಟೈಪಮ್ಮನವರ ಅತ್ತೆ. ಆ ಹಿರಿಯರಿಗೆ ಕಣ್ಣು ಬಹುತೇಕ ಹೋಗಿತ್ತು, ನಾಲಿಗೆಗೆ ಏನೂ ಆಗಿರಲಿಲ್ಲ.

"ಮರ ಯಾಕ್ರೋ ಬಗ್ಬೇಕು? ಮನೆ ಬಾಗಿಲು ಮಾಡೋದು ಮರದಲ್ಲೇ, ಗಿಡದಲ್ಲಲ್ಲ. ಅವಳು ಕಲೀಲಿ, ನೀವು ಎದ್ದು ನಿಮ್ಮನೆ ಬಾಗಿಲು ನೋಡ್ಕೊಳ್ಳಿ," ಎಂದು ಸಭೆಯನ್ನು ಬರಖಾಸ್ತು ಮಾಡಿದರು.

ಕಲಿತರು, ತೇರ್ಗಡೆಯಾದರು, ದೊಡ್ಡ ಮೇಸ್ತ್ರಿಗಳ ತಂಡ ಸೇರಿದರು. ಅಲ್ಲಿಯೇ 'ಟೈಪಮ್ಮ' ಎಂಬ ನಾಮಕರಣವಾದದ್ದು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ತಂಡದವರು ಗಾಳಿಯಲ್ಲಿ ಬೆರಳಾಡಿಸಿ ಟಕಟಕ ಸದ್ದು ಮಾಡುವರು; ಸಾಲು ಮುಗಿದಾಗ ಒಬ್ಬ ಟಿಣ್ ಎಂದು ಗಂಟೆ ಬಾರಿಸುವನು. ಟೈಪಮ್ಮನವರು ನಗುತ್ತಲೇ, ನಿನ್ನ ಹೊಡೆತದಲ್ಲಿ ಎರಡು ತಪ್ಪಿದೆ, ಮತ್ತೆ ಹೊಡಿ ಎನ್ನುವರು. ಬಾಯಿಗೆ ಬಾಯಿ ಸರಿಹೋಗುತ್ತಿತ್ತು. ಕೆಲಸದಲ್ಲಿಯೂ ವೇಗವಾಗಿ ಪಳಗಿದರು. ಈಗ ನೋಡಿದರೆ ತುಸು ಹೆಚ್ಚೇ ವೇಗವಾಗಿ.

ಎರಡನೆಯ ವರ್ಷದಲ್ಲಿ ಅದು ನಡೆಯಿತು. ಜೋಡಿ ಲಿಫ್ಟುಗಳಿರುವ ಹಳೆಯ ಕಟ್ಟಡ. ದೊಡ್ಡ ಮೇಸ್ತ್ರಿಗಳು ಬಲಗಡೆ ಲಿಫ್ಟಿನ ಮಾಡಿನ, ಎಂದರೆ ಪೆಟ್ಟಿಗೆಯ ಚಾವಣಿಯ, ಮೇಲೆ ಕುಳಿತು ಹಗ್ಗಗಳನ್ನು ಪರೀಕ್ಷಿಸುತ್ತಿದ್ದರು. ಟೈಪಮ್ಮನವರು ಯಂತ್ರಕೋಣೆಯಲ್ಲಿದ್ದರು, ಖಾಲಿಯಿದ್ದ ಎಡಗಡೆಯ ಲಿಫ್ಟನ್ನು ಅವರು ಸರಿಸಬೇಕಿತ್ತು. ಅದುವರೆಗೆ ಅವರು ಕೆಲಸ ಮಾಡಿದ ಕಟ್ಟಡಗಳಲ್ಲೆಲ್ಲ ಎಡ ಲಿಫ್ಟಿನ ಫಲಕ ಎಡಕ್ಕೇ ಇರುತ್ತಿತ್ತು. ಈ ಕಟ್ಟಡದಲ್ಲಿ ಮಾತ್ರ, ಯಾವ ಪುಣ್ಯಾತ್ಮ ಹಾಗೆ ಕಟ್ಟಿದನೋ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಫಲಕಗಳ ಮೇಲೆ ದಪ್ಪಕ್ಷರದಲ್ಲಿ ಬರೆದೂ ಇತ್ತು. ಬೆಳಗ್ಗೆ ಟೈಪಮ್ಮನವರು ಅದನ್ನು ಓದಿಯೂ ಇದ್ದರು. ಆದರೆ ಆ ಗಳಿಗೆಯಲ್ಲಿ ಅವರ ಕಣ್ಣು ಎದುರಿಗೆ ಸಿಕ್ಕಿಸಿದ್ದ ನಕ್ಷೆಯ ಹಾಳೆಯ ಮೇಲಿತ್ತು, ಕೈ ತನ್ನ ಪಾಡಿಗೆ ತಾನು ತನ್ನ ಮನೆಗೆ ಹೋಯಿತು.

ಬೆರಳು ಒತ್ತಿತು. ಬಲಗಡೆಯ ಲಿಫ್ಟು ಮೇಸ್ತ್ರಿಗಳನ್ನು ಹೊತ್ತುಕೊಂಡು ಮೇಲಕ್ಕೇರಿತು.

ಮೇಸ್ತ್ರಿಗಳು ಬೋರಲಾಗಿ ಬಿದ್ದು, ಕೈಗೆ ಸಿಕ್ಕ ಗುಂಡಿ ಬಡಿದು ನಿಲ್ಲಿಸದಿದ್ದರೆ ಈ ಸಂಪುಟವೇ ಇರುತ್ತಿರಲಿಲ್ಲ. ಅವರ ಪಕ್ಕದಲ್ಲಿ ನಿಲ್ಲಿಸಿದ್ದ ಬ್ಯಾಟರಿ ದೀಪ ಮೇಲಿನ ತೊಲೆಗೆ ಸಿಕ್ಕಿ ಚಪ್ಪಟೆಯಾಯಿತು. ಕೆಳಗಿಳಿದು ಬಂದ ಅವರು ಬಯ್ಯಲಿಲ್ಲ. ಬಯ್ಯದ ದೊಡ್ಡ ಮೇಸ್ತ್ರಿಗಳನ್ನು ತಂಡ ಅಂದೇ ಮೊದಲು ನೋಡಿದ್ದು. ಚಪ್ಪಟೆಯಾದ ದೀಪವನ್ನು ಟೈಪಮ್ಮನವರ ಕೈಗಿಟ್ಟು, "ಇದು ನಿಂದು. ಇಟ್ಕೋ," ಎಂದಷ್ಟೇ ಹೇಳಿ ಹೋದರು.

ಮರುದಿನ ವ್ಯವಸ್ಥಾಪಕರು ಕರೆಸಿದರು. ಅವರು ಕೆಟ್ಟವರಲ್ಲ, ತೀರಾ ಒಳ್ಳೆಯವರು; ತೊಂದರೆ ಆದದ್ದು ಅದರಿಂದಲೇ. ಕುರ್ಚಿ ತೋರಿಸಿದರು, ನೀರು ತರಿಸಿದರು. ಆದದ್ದು ಆಯಿತು, ಗಂಡಸರ ಕೆಲಸಕ್ಕೆ ಈ ವಯಸ್ಸಿನಲ್ಲಿ ಕೈಹಾಕಿದ್ದೇ ದೊಡ್ಡದು, ಯಾರೂ ಇದನ್ನು ಎತ್ತಿ ಆಡುವುದಿಲ್ಲ, ನಾಳೆಯಿಂದ ಕಚೇರಿಯಲ್ಲಿ ಕುಳಿತು ಪತ್ರಗಳನ್ನು ಟೈಪ್ ಮಾಡಿಕೊಂಡಿರಿ ಎಂದು ನಯವಾಗಿ ಹೇಳಿದರು. ಟೈಪಮ್ಮನವರು ಕುರ್ಚಿಯಲ್ಲಿ ಕೂರಲಿಲ್ಲ.

"ಇದೇ ತಪ್ಪನ್ನ ಬೇರೆ ಮೆಕ್ಯಾನಿಕ್ ಮಾಡಿದ್ರೆ ಏನ್ ಮಾಡ್ತಿದ್ರಿ ಸಾರ್?"

ಮೂರು ತಿಂಗಳು ಸಂಬಳವಿಲ್ಲದೆ ಹೊರಗಿಡುವುದು, ಆಮೇಲೆ ಮೊದಲಿನಿಂದ ಪರೀಕ್ಷೆ, ಅದು ನಿಯಮ ಎಂದರು ವ್ಯವಸ್ಥಾಪಕರು.

"ನನಗೂ ಅದನ್ನೇ ಕೊಡಿ. ತಪ್ಪು ಮಾಡಿದ್ದು ಮೆಕ್ಯಾನಿಕ್ಕು. ಕ್ಷಮೆ ಯಾಕೆ ಟೈಪಿಸ್ಟ್‌ಗೆ ಕೊಡ್ತೀರಿ? ಈ ಕ್ಷಮೆ ತಗೊಂಡ್ರೆ ನಾನು ಇಲ್ಲಿ ಮೆಕ್ಯಾನಿಕ್ ಆಗಿರಲೇ ಇಲ್ಲ ಅಂತಾಯ್ತು."

ನಮ್ಮ ಸಂಸ್ಥೆಯ ಇತಿಹಾಸದಲ್ಲಿ ಶಿಕ್ಷೆಗಾಗಿ ಜಗಳವಾಡಿ ಗೆದ್ದವರು ಅವರೊಬ್ಬರೇ ಇರಬೇಕು. ದಯೆಯೂ ಒಮ್ಮೊಮ್ಮೆ ಕತ್ತು ಹಿಡಿದು ಹೊರದಬ್ಬುವ ಕೈಯಾಗಬಲ್ಲದು, ಅದು ಮೆತ್ತಗಿದೆಯೆಂದು ಅದಕ್ಕೆ ಕೈಮುಗಿಯಬೇಕಾಗಿಲ್ಲ ಎಂಬುದನ್ನು ನಾವು ಕಲಿತದ್ದು ಈ ಪ್ರಸಂಗದಿಂದ. ಹೊಸ ಕೆಲಸಕ್ಕೆ ಬಂದವರಿಗೆ ಅಲ್ಲಿ ಎಡವಿ ಬೀಳುವ ಹಕ್ಕೂ ಬೇಕು. ಎಡವಿದ ಕೂಡಲೇ ಹಳೆಯ ಮನೆಗೆ ಎತ್ತಿಕೊಂಡು ಹೋಗುವವರು ಉಪಕಾರಿಗಳಲ್ಲ.

ಆ ಮೂರು ತಿಂಗಳು ಮನೆಯಲ್ಲಿ ಸುಖವಿರಲಿಲ್ಲ. ಟೈಪಮ್ಮನವರು ಚಪ್ಪಟೆ ದೀಪವನ್ನು ಅಡಿಗೆಮನೆಯ ಗೂಡಿನಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಕೈಗೆ ಬುದ್ಧಿ ಕಲಿಸಬಹುದು, ಕಲಿತುಬಿಟ್ಟ ಕೈಗೆ ಮರೆವು ಕಲಿಸುವುದು ಹೇಗೆ? ಉತ್ತರ ಸಿಕ್ಕಿದ್ದು ಒಲೆಯ ಮುಂದೆ. ಕಣ್ಣು ಕಾಣದ ಅತ್ತೆ ಅಡಿಗೆಮನೆಗೆ ಬಂದರೆ ಯಾವುದನ್ನೂ ಕೇಳದೆ ಮುಟ್ಟುತ್ತಿರಲಿಲ್ಲ. ಎಡಗಡೆ ಪಾತ್ರೆ ಮುಟ್ತೀನಿ, ಬಿಸಿ ಇದೆಯಾ ಎಂದು ಕೂಗುವರು. ಇಲ್ಲ ಎಂದು ಉತ್ತರ ಬಂದ ಮೇಲೆಯೇ ಕೈ ಚಾಚುವರು. ಒಂದು ಬೆಳಗ್ಗೆ ಸೊಸೆ ನಕ್ಷೆಯೊಂದನ್ನು ಓದುತ್ತಲೇ ಬಿಸಿ ಪಾತ್ರೆಗೆ ಕೈಹಾಕಿ ಸುಟ್ಟುಕೊಂಡಾಗ ಅತ್ತೆ ಹೇಳಿದ ಮಾತು ಇಂದು ನಮ್ಮ ತರಬೇತಿ ಕೋಣೆಯ ಗೋಡೆಯ ಮೇಲಿದೆ:

"ಕಣ್ಣಿಲ್ಲದೋಳು ನಾನು ಕೇಳಿ ಮುಟ್ತೀನಿ. ಕಣ್ಣಿರೋಳು ನೀನು ಕೇಳೋದೂ ಇಲ್ಲ, ನೋಡೋದೂ ಇಲ್ಲ."

ಅಂದಿನಿಂದ ಮನೆಯಲ್ಲಿ ಹೊಸ ಪಾಠಶಾಲೆ ಶುರುವಾಯಿತು. ಟೈಪಮ್ಮನವರು ಏನನ್ನೇ ಮುಟ್ಟುವ ಮೊದಲು ಬೆರಳು ತೋರಿಸಿ ಅದರ ಹೆಸರನ್ನು ಗಟ್ಟಿಯಾಗಿ ಹೇಳಬೇಕು, ಅತ್ತೆ ಹೂಂ ಎಂದ ಮೇಲೆ ಮುಟ್ಟಬೇಕು. ಉಪ್ಪಿನ ಡಬ್ಬಿ, ಹೂಂ. ಬಾಗಿಲ ಚಿಲಕ, ಹೂಂ. ತಪ್ಪಿದರೆ ಅತ್ತೆಯ ಊರುಗೋಲು ನೆಲಕ್ಕೆ ಟಣ್ ಎನ್ನುತ್ತಿತ್ತು. ಹಿಂದೆ ತಮ್ಮ ಅಳತೆಪಟ್ಟಿ ಎಷ್ಟು ಜನರನ್ನು ಬೆಚ್ಚಿಬೀಳಿಸಿತ್ತು ಎಂಬುದು ಗುರುಗಳಿಗೆ ಆಗಲೇ ತಿಳಿದದ್ದಂತೆ. ಮಿತಭಾಷಿಯಾದ ಯಜಮಾನರಿಗೂ ಈ ರೋಗ ಅಂಟಿತು. ಊಟಕ್ಕೆ ಕುಳಿತವರು ಒಮ್ಮೆ "ಹೆಂಡತಿ ತಟ್ಟೆಯಲ್ಲಿರೋ ಹಪ್ಪಳ ಮುಟ್ತಿದ್ದೀನಿ," ಎಂದರಂತೆ. ಅತ್ತೆ ಒಳಗಿನಿಂದಲೇ ಊರುಗೋಲು ಕುಟ್ಟಿದರಂತೆ.

ಶಿಕ್ಷೆ ಮುಗಿಯಿತು, ಪರೀಕ್ಷೆಯೂ ಆಯಿತು. ಆದರೆ ನಮ್ಮ ಕೆಲಸ ಒಬ್ಬರಿಂದ ಆಗುವುದಲ್ಲ. ಮೇಲೊಬ್ಬರು ಫಲಕದ ಮುಂದೆ ನಿಂತರೆ ಇನ್ನೊಬ್ಬರು ಲಿಫ್ಟಿನ ಮಾಡಿನ ಮೇಲೆ ಜೀವವನ್ನು ಅವರ ಕೈಗೆ ಕೊಟ್ಟು ನಿಲ್ಲಬೇಕು. ಟೈಪಮ್ಮನವರು ಫಲಕದ ಮುಂದಿದ್ದರೆ ಯಾರೂ ಹತ್ತಲೊಲ್ಲರು. ಒಬ್ಬನಿಗೆ ಬೆನ್ನುನೋವು, ಇನ್ನೊಬ್ಬನ ಮನೆಯಲ್ಲಿ ನೆಂಟರು. ನನಗೆ ಇನ್ನೂ ಮದುವೆಯಾಗಬೇಕಮ್ಮ ಎಂದು ನೇರವಾಗಿ ಹೇಳಿದವನೇ ಅವರಲ್ಲಿ ಪ್ರಾಮಾಣಿಕ. ಯಾರೂ ಜೊತೆಗೆ ನಿಲ್ಲದ ಮೆಕ್ಯಾನಿಕ್ ಮೆಕ್ಯಾನಿಕ್ಕೇ ಅಲ್ಲ. ವ್ಯವಸ್ಥಾಪಕರ ಮೆತ್ತನೆಯ ಕುರ್ಚಿ ಇನ್ನೂ ಖಾಲಿಯಾಗಿಯೇ ಕಾಯುತ್ತಿತ್ತು. ಟೈಪಮ್ಮನವರು ದಿನವೂ ಕೆಲಸದ ಉಡುಪು ತೊಟ್ಟು ಬಂದು ಗೋಡೆಗೊರಗಿ ನಿಲ್ಲುವರು, ಸಂಜೆ ಕೈಗೆ ಒಂದು ಚುಕ್ಕೆ ಎಣ್ಣೆ ತಾಗಿಸಿಕೊಳ್ಳದೆ ಹಿಂದಿರುಗುವರು. ಬೇಸತ್ತು ತಾವಾಗಿಯೇ ಹೋಗುತ್ತಾರೆಂದು ಎಲ್ಲರೂ ಕಾದರು. ಅವರು ಹೋಗಲಿಲ್ಲ.

ಕೊನೆಗೆ ಅದೇ ಜೋಡಿ ಲಿಫ್ಟಿನ ಕಟ್ಟಡದಿಂದ ಕರೆ ಬಂದ ದಿನ, ದೊಡ್ಡ ಮೇಸ್ತ್ರಿಗಳು ಯಾರ ಮುಖವನ್ನೂ ನೋಡದೆ ಟೋಪಿ ಹಾಕಿಕೊಂಡು, ನಡಿ ಮೇಲೆ ಎಂದರು. ತಾವು ಬಲಗಡೆಯ ಲಿಫ್ಟಿನ ಮಾಡು ಹತ್ತಿದರು. ಯಂತ್ರಕೋಣೆಯ ನೆಲದಲ್ಲಿ ಹಗ್ಗ ಇಳಿಯಲು ರಂಧ್ರಗಳಿರುತ್ತವೆ. ಅವುಗಳ ಮೂಲಕ ಟೈಪಮ್ಮನವರ ಧ್ವನಿ ಬಂತು.

"ಎಡಗಡೆ ಲಿಫ್ಟು ಸರಿಸ್ತೀನಿ. ಬಲಕ್ಕಿರೋ ಫಲಕ. ಹೆಸರು ಓದ್ತಿದ್ದೀನಿ, ಎಡ ಅಂತಿದೆ. ಮೇಸ್ತ್ರಿ, ನೀವೆಲ್ಲಿದ್ದೀರಿ?"

"ಬಲಗಡೇದರ ಮೇಲೆ. ಹೋದ ಸಲಾನೂ ಇಲ್ಲೇ ಇದ್ನಮ್ಮ, ನೀನೇ ವಿಚಾರಿಸಲಿಲ್ಲ."

ಕೆಳಗೆ ಮಹಡಿಯ ಬಾಗಿಲ ಬಳಿ ಕಿವಿಯಾನಿಸಿ ನಿಂತಿದ್ದ ತಂಡದವರು ನಕ್ಕರು. ಮೇಲಿನಿಂದ ನಗು ಬರಲಿಲ್ಲ. ಅದೇ ಪ್ರಶ್ನೆ ಮತ್ತೊಮ್ಮೆ ಬಂತು, ಅಕ್ಷರ ಬಿಡದೆ. ಆಗ ಮೇಸ್ತ್ರಿಗಳ ಧ್ವನಿಯೂ ಬದಲಾಯಿತು.

"ಬಲಗಡೇದರ ಮೇಲಿದ್ದೀನಿ. ಮುಟ್ಟು."

ಎಡಗಡೆಯ ಲಿಫ್ಟು ಸರಿಯಿತು. ಆ ದಿನದಿಂದ ಕೇಳದೆ ಮುಟ್ಟುವಂತಿಲ್ಲ, ಉತ್ತರ ಬಾರದೆ ಒತ್ತುವಂತಿಲ್ಲ ಎಂಬುದು ತಂಡದ ರೂಢಿಯಾಯಿತು. ಮುಂದೆ ಸಂಸ್ಥೆಯ ನಿಯಮವಾಯಿತು. ಹಲ್ಲು ಕಿರಿದವರೂ ಈಗ ಕೂಗುತ್ತಾರೆ. ಮದುವೆಯಾಗಬೇಕೆಂದವನು ಮದುವೆಯಾಗಿ ಮಕ್ಕಳನ್ನು ಕಾಲೇಜಿಗೆ ಸೇರಿಸುವ ಹಂತಕ್ಕೆ ಬಂದಿದ್ದಾನೆ, ಅವನೂ ಕೂಗುತ್ತಾನೆ.

ಟೈಪಮ್ಮನವರು ತರಬೇತಿ ವಿಭಾಗಕ್ಕೆ ಬಂದ ಮೇಲಿನ ಕಥೆ ನಮ್ಮಲ್ಲಿ ಒಬ್ಬೊಬ್ಬರದೂ ಒಂದೊಂದು. ಲಿಫ್ಟಿನ ಬಾವಿಯಂಚಿಗೆ ಬಂದರೆ ಕಾಲು ನಡುಗುತ್ತಿದ್ದ ಒಬ್ಬನನ್ನು ಅವರು ಯಾರಿಗೂ ಹೇಳದೆ ಪ್ರತಿ ಮಹಡಿಯ ಬಾಗಿಲ ಬೀಗಗಳ ಕೆಲಸಕ್ಕೆ ಹಾಕಿ, ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತು ಹರಟೆ ಹೊಡೆಯುತ್ತಿದ್ದರು. ಅವನ ಭಯ ಹೋಗಲಿಲ್ಲ, ಇವರು ಅದನ್ನು ಓಡಿಸಲೂ ಹೋಗಲಿಲ್ಲ. ಇಂದು ಬಾಗಿಲ ಕೆಲಸಕ್ಕೆ ಅವನನ್ನು ಮೀರಿದವರಿಲ್ಲ. ದುರಸ್ತಿ ಮುಗಿಯದ ಕಟ್ಟಡದ ಮೇಲಂತಸ್ತಿನ ವೃದ್ಧೆಯೊಬ್ಬರಿಗೆ ತಾವೇ ಮೆಟ್ಟಿಲು ಹತ್ತಿ ಹಾಲು, ಔಷಧಿ ಮುಟ್ಟಿಸುತ್ತಿದ್ದರು. ನಿಲ್ಲಿಸಿದ್ದು ನಾವು, ಹತ್ತೋದು ಅವರ್ಯಾಕೆ ಎಂಬುದು ಅವರ ವಾದ. ಹೆಂಗಸರ ಅಳತೆಯ ಕೈಗವಸು ಸಂಸ್ಥೆಯಲ್ಲಿ ಇಲ್ಲದಿದ್ದಾಗ, ಮಕ್ಕಳಿಗೆ ಗೊಂಬೆ ಕೊಡಿಸುವ ಹಾಗೆ ಕೊಡಿಸಬೇಡಿ, ಆಯುಧ ಕೊಡಿಸುವ ಹಾಗೆ ಕೊಡಿಸಿ ಎಂದು ಉಗ್ರಾಣದ ಬಾಗಿಲಲ್ಲೇ ಕುಳಿತುಬಿಟ್ಟಿದ್ದರು.

ಪ್ರತಿ ತರಗತಿಯ ಮೊದಲ ದಿನ ಚಪ್ಪಟೆ ದೀಪವನ್ನು ಮೇಜಿನ ಮೇಲಿಡುತ್ತಾರೆ. ಬೇರೆ ಬೇರೆ ಕೆಲಸ ಬಿಟ್ಟು ಬಂದವರಿಗೆ ಅವರು ಕೇಳುವ ಪ್ರಶ್ನೆ ಒಂದೇ: ನಿಮ್ಮ ಕೈ ಹಿಂದೆ ಏನು ಮಾಡುತ್ತಿತ್ತು? ಹೊಸ ಕೆಲಸದಲ್ಲಿ ಕೊಲ್ಲುವುದು ಅಜ್ಞಾನವಲ್ಲ, ಹಳೆಯ ಕೆಲಸದ ಜಾಣತನ ಎಂಬುದು ಅವರ ಸಿದ್ಧಾಂತ.

ಅದಕ್ಕೆ ಸಾಕ್ಷಿ ನಮ್ಮ ತಂಡದ 'ಕತ್ತರಿ'. ನಲವತ್ತು ದಾಟಿದ ಮೇಲೆ ಕ್ಷೌರದಂಗಡಿ ಬಿಟ್ಟು ಬಂದವನು. ಕ್ಷೌರಿಕನಾದವನು ಕೆಲಸ ಮುಗಿದ ಮೇಲೆ ಎರಡೂ ಕಡೆ ಸಮ ಬಂದಿದೆಯೇ ಎಂದು ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತಾನೆ. ಕತ್ತರಿ ಹಾಗೆ ಹಿಂದೆ ಸರಿದದ್ದು ಲಿಫ್ಟಿನ ಮಾಡಿನ ಮೇಲೆ. ಸೊಂಟದ ಪಟ್ಟಿ ಹಿಡಿದುಕೊಂಡಿತು, ಅವನು ಉಳಿದ. ಶಿಕ್ಷೆ ಅನುಭವಿಸಿ, ಪರೀಕ್ಷೆ ಕಟ್ಟಿ ಬಂದರೂ ಅವನ ಜೊತೆ ಕೆಲಸಕ್ಕೆ ಯಾರೂ ಮುಂದಾಗಲಿಲ್ಲ. ಪಾಪ, ಅಂಗಡಿಗೇ ಹೋಗಲಿ ಬಿಡಿ ಎಂಬ ಮೆತ್ತನೆಯ ಮಾತುಗಳು ಮತ್ತೆ ಕೇಳಿಬಂದವು. ಜನ ಬದಲಾದರೂ ದಯೆಯ ಧಾಟಿ ಬದಲಾಗುವುದಿಲ್ಲ.

ಕಳೆದ ವಾರ ಟೈಪಮ್ಮನವರ ಕೊನೆಯ ಕೆಲಸದ ದಿನ. ಸಭಾಂಗಣದಲ್ಲಿ ಭಾಷಣ, ಫೋಟೋ, ಎಲ್ಲವೂ ಸಿದ್ಧವಾಗಿತ್ತು. ಅವರು ಕೆಲಸದ ಉಡುಪಿನಲ್ಲಿ ಬಂದು, ಜೋಡಿ ಲಿಫ್ಟಿನ ಕಟ್ಟಡಕ್ಕೆ ಹೋಗುವುದಿದೆ, ಭಾಷಣ ಕಾಯಲಿ ಎಂದರು. ಕತ್ತರಿಯನ್ನು ಯಂತ್ರಕೋಣೆಗೆ ಕಳಿಸಿದರು. ತಾವು ಮಂಡಿನೋವನ್ನು ಬಯ್ದುಕೊಳ್ಳುತ್ತಾ ಬಲಗಡೆಯ ಲಿಫ್ಟಿನ ಮಾಡು ಹತ್ತಿದರು. ಸಂಸ್ಥೆ ಬಿಟ್ಟು ಬಹುಕಾಲವಾದ ದೊಡ್ಡ ಮೇಸ್ತ್ರಿಗಳೂ ಬಂದು ಮಹಡಿಯ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಕೊನೆಯ ದಿನ ಇದೆಲ್ಲ ಬೇಕಿತ್ತೇ ಎಂದು ಯಾರೋ ಗೊಣಗಿದಾಗ ಮೇಸ್ತ್ರಿಗಳು, "ಮೊದಲ ದಿನವೂ ಹೇಳಿದ ಮಾತು ಕೇಳಿದೋಳಲ್ಲ," ಎಂದರು. ಆ ಮಾತಿನಲ್ಲಿದ್ದ ಹೆಮ್ಮೆಯನ್ನು ಅಡಗಿಸಲು ಅವರಿಂದಾಗಲಿಲ್ಲ.

ಮೇಲಿನಿಂದ ಕತ್ತರಿಯ ಧ್ವನಿ ಬಂತು. ಅರ್ಧಕ್ಕೆ ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು. "ಎಡಗಡೆ ಲಿಫ್ಟು ಸರಿಸ್ತೀನಿ. ಬಲಕ್ಕಿರೋ ಫಲಕ. ಹೆಸರು ಓದ್ತಿದ್ದೀನಿ. ಎಡ ಅಂತಿದೆ. ಅಮ್ಮ, ನೀವೆಲ್ಲಿದ್ದೀರಿ?"

ಬಾಗಿಲಲ್ಲಿ ನಿಂತ ನಾವೆಲ್ಲ ಕಿವಿಯಾನಿಸಿದೆವು. ಉತ್ತರ ನಿಧಾನವಾಗಿ, ಆರಾಮಾಗಿ, ಹಿತ್ತಲಲ್ಲಿ ಕುಳಿತು ಕೂಗಿಗೆ ಓಗೊಟ್ಟಂತೆ ಬಂತು.

"ಬಲಗಡೇದರ ಮೇಲಿದ್ದೀನಿ. ಮುಟ್ಟು."

ಎಡಗಡೆಯ ಲಿಫ್ಟು ಸರಿಯಿತು. ಬಲಗಡೆಯದು ಇದ್ದಲ್ಲೇ ಇತ್ತು. ಮರುದಿನ ಬೆಳಗ್ಗೆ, ಹಿಂದೆ ಮದುವೆಯ ನೆಪ ಹೇಳಿದ್ದ ಆ ಹಳೆಯ ಪ್ರಾಮಾಣಿಕನೇ ಟೋಪಿ ಹಾಕಿಕೊಂಡು ಬಂದು, ಕತ್ತರಿಯನ್ನು ತನ್ನ ಜೊತೆಗೆ ಕಳಿಸಿ ಎಂದು ಕೇಳಿದ.

ಈ ಸಂಪುಟದ ಯಾವ ಲೇಖನದಲ್ಲಿಯೂ 'ವಿಶ್ರಾಂತ ಜೀವನ' ಎಂಬ ಪದ ಬರಕೂಡದು ಎಂದು ಟೈಪಮ್ಮನವರು ಸಂಪಾದಕರಿಗೆ ತಾಕೀತು ಮಾಡಿದ್ದಾರೆ. ಬರೆದವರನ್ನು ಬಂದು ನೋಡಿಕೊಳ್ಳುವುದಾಗಿಯೂ ಹೇಳಿದ್ದಾರೆ. ಮುಂದಿನ ತಿಂಗಳಿನಿಂದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ, ನಲವತ್ತು ದಾಟಿ ಬೇರೆ ಕೆಲಸ ಹುಡುಕುವವರಿಗಾಗಿಯೇ ಅವರು ತರಗತಿ ತೆರೆಯುತ್ತಿದ್ದಾರೆ. ಗೂಡಿನಲ್ಲಿ ಚಪ್ಪಟೆ ದೀಪವಿರುತ್ತದೆ, ಮೂಲೆಯಲ್ಲಿ ಅತ್ತೆಯವರು ಬಿಟ್ಟುಹೋದ ಊರುಗೋಲು. ಆದ್ದರಿಂದ ಅವರಿಗೆ ನೆಮ್ಮದಿಯ ನಿದ್ದೆಯನ್ನಾಗಲಿ ತೂಗುಕುರ್ಚಿಯನ್ನಾಗಲಿ ಹಾರೈಸುವ ಧೈರ್ಯ ನಮಗಿಲ್ಲ. ಅವರ ಮಂಡಿಗಳಿಗೆ ಬಲ ಬರಲಿ, ಧ್ವನಿ ಹೀಗೆಯೇ ಗಟ್ಟಿಯಾಗಿರಲಿ. ಇನ್ನೂ ಬಹುಕಾಲ, ಕೈ ತನ್ನ ಹಳೆಯ ಮನೆಗೆ ಹೊರಟಾಗಲೆಲ್ಲ ನಾವು ನೀವೆಲ್ಲಿದ್ದೀರಿ ಎಂದು ಕೂಗುವುದಿದೆ. ಅವರು ಓಗೊಡುತ್ತಿರಲಿ: ಇಲ್ಲೇ ಇದ್ದೀನಿ. ಮುಟ್ಟು.